ಸಿಂಹದ ಮೈಯಲ್ಲಿ 17 ಪ್ರಾಂತ್ಯಗಳು

ದೇಶವೊಂದರ ಚಿತ್ರನಕ್ಷೆ ಬರೆಯಲು ಕುಳಿತಾಗ ನಾನು ಮೊದಲು ಗಡಿರೇಖೆ ಎಳೆದು, ಒಳಗೆ ಕೋಟೆ, ಗೋಪುರ, ಪ್ರಾಣಿ, ಹೂವುಗಳನ್ನು ತುಂಬಿಸಿದೆ. ಒಂದೊಂದು ಚಿತ್ರವೂ ಚೆನ್ನಾಗಿಯೇ ಬಂದಿತ್ತು. ಒಟ್ಟಾಗಿ ನೋಡಿದರೆ ಮಾತ್ರ ಅಂಚೆಚೀಟಿಗಳನ್ನು ಅಂಟಿಸಿದ ಹಾಳೆ!

ಅದನ್ನು ಬದಿಗಿಟ್ಟು 'ಲಿಯೊ ಬೆಲ್ಜಿಕಸ್' ನಕ್ಷೆಯನ್ನು ನಕಲು ಮಾಡತೊಡಗಿದೆ. ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ ಸುತ್ತಲಿನ 17 ಪ್ರಾಂತ್ಯಗಳನ್ನು ಒಂದೇ ಸಿಂಹವಾಗಿಸಿ 1583ರಲ್ಲಿ ಮೊದಲು ತೋರಿಸಿದವನು ಆಸ್ಟ್ರಿಯಾದ ಮೈಕೆಲ್ ಐಟ್ಸಿಂಗರ್. ಸಿಂಹವನ್ನು ಅವನು ಎಲ್ಲಿಂದಲೋ ತರಲಿಲ್ಲ. ಫ್ಲಾಂಡರ್ಸ್, ಬ್ರಬಾಂಟ್, ಹಾಲೆಂಡ್ ಮುಂತಾದ ಪ್ರಾಂತ್ಯಗಳ ಲಾಂಛನಗಳಲ್ಲಿ ಅದು ಆಗಲೇ ಇತ್ತು. ಜನ ತಮ್ಮದೆಂದು ಗುರುತಿಸುತ್ತಿದ್ದ ಗುರುತನ್ನೇ ನೆಲದ ಮೈಗೆ ಹೊದಿಸಿದ.

ನಾನು ಮೊದಲು ಸಿಂಹವನ್ನು ಬರೆದುಕೊಂಡೆ. ಕರಾವಳಿ ಅದಕ್ಕೆ ಒಗ್ಗಲೇ ಇಲ್ಲ. ಎರಡನೆಯ ಸಲ ಕರಾವಳಿ, ನದಿಗಳನ್ನು ಮೊದಲು ಎಳೆದು, ಅವುಗಳ ತಿರುವಿನಲ್ಲಿ ಸ್ನಾಯುಗಳನ್ನು ಹುಡುಕಿದೆ. ಆಗ ನದಿಗಳು ನರಗಳಂತೆ ಕೂಡಿಕೊಂಡವು.

ನಕಲು ಮುಗಿದ ಮೇಲೆ ದಕ್ಷಿಣದ ಪ್ರಾಂತ್ಯಗಳನ್ನು ಅಂಗೈಯಿಂದ ಮುಚ್ಚಿ ನೋಡಿದೆ. ಸಿಂಹಕ್ಕೆ ಹಿಂಭಾಗವೇ ಇರಲಿಲ್ಲ. ನನ್ನ ಕೈ ಅಲ್ಲಿಯೇ ನಿಂತಿತು. ಯಾಕೆಂದರೆ 1579ರಲ್ಲಿಯೇ ಉತ್ತರ, ದಕ್ಷಿಣಗಳು ಬೇರೆ ಬೇರೆ ಒಕ್ಕೂಟ ಕಟ್ಟಿಕೊಂಡಿದ್ದವು. 1581ರಲ್ಲಿ ಉತ್ತರದವರು ತಮ್ಮನ್ನಾಳುತ್ತಿದ್ದ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನನ್ನು ತಿರಸ್ಕರಿಸಿದ್ದರು. ನಾಡು ಸೀಳಿದ ಮೇಲೆ ಬಂದ ಚಿತ್ರ ಅದನ್ನು ಒಂದೇ ಜೀವವೆಂದು ಸಾರುತ್ತಿತ್ತು. ಮುಂದೆ 1648ರಲ್ಲಿ ಸ್ಪೇನಿನೊಡನೆಯ ಯುದ್ಧ ಮುಗಿದು ಉತ್ತರದವರ ಗಣರಾಜ್ಯಕ್ಕೆ ಮನ್ನಣೆ ಸಿಕ್ಕ ವರ್ಷ, ನಕ್ಷೆಕಾರ ಕ್ಲಾಸ್ ಯಾನ್ಸ್‌ಜೂನ್ ವಿಸ್ಸರ್ ಪ್ರಕಟಿಸಿದ ಸಿಂಹದೊಳಗೆ ಇದ್ದದ್ದು ಹಾಲೆಂಡ್ ಪ್ರಾಂತ್ಯವೊಂದೇ. 'ನಾವು' ಎಂಬ ಮಾತು ಎಷ್ಟು ಕಿರಿದಾಯಿತೆಂದು ಅಳೆಯಲು ಇವೆರಡನ್ನು ಅಕ್ಕಪಕ್ಕ ಇಟ್ಟರೆ ಸಾಕು.

ತಲೆ ಯಾರದೆಂಬುದೂ ಸಣ್ಣ ಸಂಗತಿಯಲ್ಲ. 1537ರಲ್ಲಿ ಯೋಹಾನಸ್ ಪುಚ್ ಯೂರೋಪನ್ನು ರಾಣಿಯಾಗಿ ಬರೆದಾಗ ಕಿರೀಟ ತೊಟ್ಟ ತಲೆ ಸ್ಪೇನಿನದು. ಅದಕ್ಕಾಗಿ ಪಶ್ಚಿಮವನ್ನೇ ಮೇಲಕ್ಕೆ ತಿರುಗಿಸಿದ.

ನನ್ನ ಹಾಳೆಗೆ ಮರಳಿ ಬಂದಾಗ ತಪ್ಪು ಎದ್ದು ಕಂಡಿತು. ನಡುವಿನಲ್ಲಿ ಅರಮನೆಗಳು ಕಿಕ್ಕಿರಿದಿದ್ದವು, ಗಡಿಯಂಚಿನ ಬೆಟ್ಟಗಳಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ನಾನು ಬಿಟ್ಟ ಖಾಲಿ ಜಾಗ ಅಲ್ಲಿನವರನ್ನು ಹೊರಗಿಟ್ಟಿತ್ತು. ಹೊಸ ಹಾಳೆ ತೆಗೆದೆ. ಊರುಗಳ ಹೆಸರಿಗೆ ಜಾಗ ಮೊದಲೇ ಕಾಯ್ದಿರಿಸಿ (ಆಮೇಲೆ ತುರುಕಿದರೆ ಅಕ್ಷರಗಳು ಚಿತ್ರವನ್ನು ತಿನ್ನುತ್ತವೆ), ಅಂಚಿನಿಂದ ಒಳಕ್ಕೆ ಬರೆಯುತ್ತ ಬಂದೆ: ಕುರಿ ಮೇಯಿಸುವವರು, ಬಲೆ ನೇಯುವವರು, ಗಡಿ ದಾಟಿ ಹರಿಯುವ ನದಿ. ರಾಜಧಾನಿಯನ್ನು ಕೊನೆಯಲ್ಲಿ ಬರೆದೆ. ಅದಕ್ಕೆ ಉಳಿದಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ಜಾಗ.