ಏಪ್ರಿಲ್‌ನ ಅಂಕಪಟ್ಟಿ ಹಿಡಿದು ಬೇಸ್‌ಬಾಲ್ ತಂಡದ ಭವಿಷ್ಯವನ್ನು ವಾದಿಸುವ ಬಗೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸೀಸನ್ ಮಾರ್ಚ್ ತಿಂಗಳ ಕೊನೆಯಲ್ಲಿ ಆರಂಭವಾಗುತ್ತದೆ. ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ ಒಂದೊಂದು ತಂಡವೂ ಇಪ್ಪತ್ತರ ಆಸುಪಾಸಿನಲ್ಲಿ ಪಂದ್ಯಗಳನ್ನು ಆಡಿರುತ್ತದೆ. ಅಷ್ಟರಲ್ಲೇ ಅಭಿಮಾನಿಗಳು ಅಕ್ಟೋಬರ್‌ವರೆಗಿನ ತೀರ್ಪನ್ನು ಬರೆದು ಮುಗಿಸಿರುತ್ತಾರೆ. ಈ ಆತುರವನ್ನು ನಾನು ದೂರುವುದಿಲ್ಲ, ಏಕೆಂದರೆ 162 ಪಂದ್ಯಗಳ ಸೀಸನ್ ಮುಗಿಯುವವರೆಗೆ ಬಾಯಿ ಮುಚ್ಚಿ ಕೂರಬೇಕೆಂದರೆ ಅಭಿಮಾನಿಯಾಗಿ ಉಳಿಯುವುದೇ ಕಷ್ಟ. ತೊಂದರೆ ಇರುವುದು ವಾದಕ್ಕೆ ಒದಗಿಸುವ ಸಾಕ್ಷಿಯಲ್ಲಿ. ಏಪ್ರಿಲ್‌ನ ವಾದಗಳಲ್ಲಿ ಬಹುಪಾಲು ಗೆಲುವು-ಸೋಲಿನ ಲೆಕ್ಕವನ್ನೇ ನಂಬಿ ನಡೆಯುತ್ತವೆ, ಆದರೆ ಆ ತಿಂಗಳಲ್ಲಿ ಕೈಗೆ ಸಿಗುವ ಸಾಕ್ಷಿಗಳಲ್ಲಿ ಅತ್ಯಂತ ದುರ್ಬಲವಾದದ್ದು ಅದೇ.

ವಾದಕ್ಕೆ ಇಳಿಯುವ ಮುನ್ನ, ಎದುರಿಗಿರುವವರು ಯಾವ ಪ್ರಶ್ನೆಯನ್ನು ಎತ್ತಿದ್ದಾರೆ ಎಂಬುದನ್ನು ಖಚಿತಪಡಿಸಿಕೊಳ್ಳಿ. "ಈ ಸಲ ನಮ್ಮ ತಂಡಕ್ಕೆ ಅವಕಾಶವಿದೆ" ಎಂಬ ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ: ಐದು ತಂಡಗಳ ತನ್ನ ಡಿವಿಷನ್‌ನಲ್ಲಿ ಮೊದಲ ಸ್ಥಾನ ಪಡೆಯುವುದು, ಹೇಗೋ ಸೀಸನ್ ನಂತರದ ನಾಕೌಟ್ ಹಂತವಾದ ಪ್ಲೇಆಫ್ ತಲುಪುವುದು, ಅಥವಾ ಅದರ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆಲ್ಲುವುದು. 2022ರಿಂದ ಮೇಜರ್ ಲೀಗ್‌ನೊಳಗಿನ ಎರಡು ಲೀಗ್‌ಗಳಲ್ಲಿ ಪ್ರತಿಯೊಂದರಿಂದ ಮೂರು ಡಿವಿಷನ್ ವಿಜೇತರು ಮತ್ತು ಡಿವಿಷನ್ ಗೆಲ್ಲದವರಲ್ಲಿ ಅತಿ ಹೆಚ್ಚು ಗೆದ್ದ ಮೂರು ತಂಡಗಳು, ಅಂದರೆ ವೈಲ್ಡ್ ಕಾರ್ಡ್ ತಂಡಗಳು, ಸೇರಿ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆಯಾದ್ದರಿಂದ, ಎರಡನೆಯ ಅರ್ಥದಲ್ಲಿ ಸಾಧಾರಣ ತಂಡಕ್ಕೂ ಬಾಗಿಲು ತೆರೆದಿರುತ್ತದೆ. ಅದಕ್ಕೂ ಮೊದಲು, 2021ರಲ್ಲಿ, ಅಟ್ಲಾಂಟಾ ಬ್ರೇವ್ಸ್ ಆಗಸ್ಟ್ ಬರುವವರೆಗೂ ಗೆಲುವುಗಳನ್ನು ಸೋಲುಗಳಿಗಿಂತ ಮುಂದೆ ತರಲಾಗದೆ ಒದ್ದಾಡಿ, ಕೊನೆಗೆ 88 ಪಂದ್ಯ ಗೆದ್ದು, ವರ್ಲ್ಡ್ ಸೀರೀಸನ್ನೂ ಗೆದ್ದಿತು. ಒಬ್ಬರು ಡಿವಿಷನ್ ಕುರಿತು, ಇನ್ನೊಬ್ಬರು ವೈಲ್ಡ್ ಕಾರ್ಡ್ ಕುರಿತು ಮಾತನಾಡುತ್ತಿದ್ದರೆ ಇಬ್ಬರೂ ಸರಿಯಿದ್ದು ಗಂಟೆಗಟ್ಟಲೆ ಜಗಳವಾಡಬಹುದು.

ಎರಡನೆಯ ಸಿದ್ಧತೆ ಸೀಸನ್ನಿಗೆ ಮುನ್ನವೇ ಆಗಬೇಕಾದದ್ದು: ತಂಡ ಎಷ್ಟು ಪಂದ್ಯ ಗೆಲ್ಲುತ್ತದೆಂದು ನೀವು ಎಣಿಸಿದ್ದೀರೋ ಆ ಸಂಖ್ಯೆಯನ್ನು ಎಲ್ಲಾದರೂ ಬರೆದಿಡಿ. ಸ್ವಂತ ಅಂದಾಜು ಇಲ್ಲದಿದ್ದರೆ ಫ್ಯಾನ್‌ಗ್ರಾಫ್ಸ್‌ನಂತಹ ತಾಣಗಳು ಪ್ರತಿ ವರ್ಷ ಪ್ರಕಟಿಸುವ ಅಂದಾಜನ್ನು ಎರವಲು ಪಡೆಯಿರಿ. ಬರೆದಿಡದಿದ್ದರೆ ನೆನಪು ಮೋಸ ಮಾಡುತ್ತದೆ. ತಂಡ ಸೋಲತೊಡಗಿದಾಗ "ನನಗೆ ಮೊದಲೇ ಗೊತ್ತಿತ್ತು" ಎನ್ನದ ಅಭಿಮಾನಿಯನ್ನು ನಾನಿನ್ನೂ ಕಂಡಿಲ್ಲ.

ಇಪ್ಪತ್ತು ಪಂದ್ಯಗಳ ತೂಕ

ಇಪ್ಪತ್ತು ಪಂದ್ಯಗಳ ಫಲಿತಾಂಶಕ್ಕೆ ಎಷ್ಟು ತೂಕವಿದೆ ಎಂಬುದನ್ನು ನಾಣ್ಯದಿಂದಲೇ ತಿಳಿಯಬಹುದು. ಲೀಗ್‌ನ ಮೂವತ್ತೂ ತಂಡಗಳು ಸಮಬಲದವೆಂದೂ, ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ ಎಂದೂ ಭಾವಿಸಿ. ಆಗಲೂ ಒಂದು ತಂಡ ಇಪ್ಪತ್ತರಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆಲ್ಲುವ ಸಂಭವ ನೂರಕ್ಕೆ ಸುಮಾರು 13. ಅಂದರೆ ಮೂವತ್ತು ತಂಡಗಳಲ್ಲಿ ಸರಾಸರಿ ನಾಲ್ಕು ತಂಡಗಳು ಬರೀ ಅದೃಷ್ಟದಿಂದ ಅಷ್ಟು ಎತ್ತರದಲ್ಲಿ ನಿಂತಿರುತ್ತವೆ, ಇನ್ನು ನಾಲ್ಕು ಅಷ್ಟೇ ಆಳಕ್ಕೆ ಬಿದ್ದಿರುತ್ತವೆ. ಏಪ್ರಿಲ್‌ನ ಅಂಕಪಟ್ಟಿಯಲ್ಲಿ ನಿಮ್ಮನ್ನು ಬೆರಗುಗೊಳಿಸುವ ತಂಡಗಳ ಸಂಖ್ಯೆಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ.

ಇತಿಹಾಸ ಇದಕ್ಕೆ ಧಾರಾಳವಾಗಿ ಉದಾಹರಣೆ ಕೊಡುತ್ತದೆ. 1900ರ ನಂತರ ಸೀಸನ್ನಿನ ಮೊದಲ 13 ಪಂದ್ಯಗಳನ್ನೂ ಗೆದ್ದ ತಂಡಗಳೆಂದರೆ 1982ರ ಅಟ್ಲಾಂಟಾ ಬ್ರೇವ್ಸ್, 1987ರ ಮಿಲ್ವಾಕೀ ಬ್ರೂವರ್ಸ್ ಮತ್ತು 2023ರ ಟ್ಯಾಂಪಾ ಬೇ ರೇಸ್. ಬ್ರೇವ್ಸ್ ಉಳಿದ 149 ಪಂದ್ಯಗಳಲ್ಲಿ 76 ಗೆದ್ದು 73 ಸೋತಿತು. ಬ್ರೂವರ್ಸ್ 78 ಗೆದ್ದು 71 ಸೋತು ಪ್ಲೇಆಫ್ ಅನ್ನೇ ತಪ್ಪಿಸಿಕೊಂಡಿತು. ರೇಸ್ ಒಟ್ಟು 99 ಪಂದ್ಯ ಗೆದ್ದರೂ ವೈಲ್ಡ್ ಕಾರ್ಡ್ ಸುತ್ತಿನಲ್ಲೇ ಟೆಕ್ಸಸ್ ರೇಂಜರ್ಸ್‌ಗೆ ಎರಡು ಪಂದ್ಯ ಸೋತು ಮನೆಗೆ ಹೋಯಿತು. 2019ರ ಸಿಯಾಟಲ್ ಮ್ಯಾರಿನರ್ಸ್ ಇನ್ನೂ ಕಟುವಾದ ಉದಾಹರಣೆ: ಮೊದಲ 15ರಲ್ಲಿ 13 ಗೆದ್ದ ಆ ತಂಡ ಸೀಸನ್ ಮುಗಿದಾಗ 68 ಗೆಲುವು, 94 ಸೋಲುಗಳೊಂದಿಗೆ ತನ್ನ ಡಿವಿಷನ್‌ನ ತಳದಲ್ಲಿತ್ತು. ಇದಕ್ಕೆ ಪ್ರತಿಯಾಗಿ 1984ರ ಡೆಟ್ರಾಯಿಟ್ ಟೈಗರ್ಸ್ ತಂಡವನ್ನು ಯಾರಾದರೂ ಖಂಡಿತ ಎತ್ತುತ್ತಾರೆ. ಅದು ಮೊದಲ 40ರಲ್ಲಿ 35 ಗೆದ್ದು, ಕೊನೆಗೆ ವರ್ಲ್ಡ್ ಸೀರೀಸನ್ನೂ ಗೆದ್ದದ್ದು ನಿಜ. ಆದರೆ ಆ ನಲವತ್ತರ ನಂತರ ಅದರ ಲೆಕ್ಕ 69 ಗೆಲುವು, 53 ಸೋಲು. ಒಳ್ಳೆಯ ತಂಡದ ಲೆಕ್ಕವೇ ಹೊರತು ಪವಾಡದ ಲೆಕ್ಕವಲ್ಲ.

ಹಾಗೆಂದು ಏಪ್ರಿಲ್ ಅನ್ನು ಪೂರ್ತಿ ಕಡೆಗಣಿಸುವುದೂ ತಪ್ಪು, ಏಕೆಂದರೆ ಈಗಾಗಲೇ ಗೆದ್ದ ಪಂದ್ಯಗಳನ್ನು ಯಾರೂ ಕಿತ್ತುಕೊಳ್ಳಲಾರರು. 1988ರ ಬಾಲ್ಟಿಮೋರ್ ಓರಿಯೋಲ್ಸ್ ಮೊದಲ 21 ಪಂದ್ಯಗಳನ್ನು ಸೋತಾಗ ಅದರ ಸೀಸನ್ ನಿಜಕ್ಕೂ ಮುಗಿದಿತ್ತು. ಹಾಗಾದರೆ ಎಷ್ಟು ನಂಬಬೇಕು? ತಂಡಗಳ ನಡುವಿನ ನಿಜವಾದ ಬಲಾಬಲದ ವ್ಯತ್ಯಾಸವೂ ಅದೃಷ್ಟದ ಏರಿಳಿತವೂ ಸುಮಾರು 70 ಪಂದ್ಯಗಳಾದಾಗ ಸರಿಸಮಕ್ಕೆ ಬರುತ್ತವೆ ಎಂಬ ಆಧಾರದ ಮೇಲೆ ಒಂದು ಸರಳ ಲೆಕ್ಕವಿದೆ: ತಂಡದ ಈವರೆಗಿನ ಫಲಿತಾಂಶಕ್ಕೆ 35 ಗೆಲುವು ಮತ್ತು 35 ಸೋಲುಗಳನ್ನು ಸೇರಿಸಿ, ಬರುವ ಪ್ರಮಾಣವನ್ನು ಉಳಿದ ಪಂದ್ಯಗಳಿಗೆ ಅನ್ವಯಿಸಿ. 14 ಗೆದ್ದು 6 ಸೋತ ತಂಡಕ್ಕೆ ಇದು 90ರಲ್ಲಿ 49, ಅಂದರೆ 0.544 ಆಗುತ್ತದೆ, ಉಳಿದ 142 ಪಂದ್ಯಗಳಲ್ಲಿ ಸುಮಾರು 77 ಗೆಲುವು, ಒಟ್ಟು 91. ಅದೇ ವೇಗದಲ್ಲಿ ಹೋದರೆ 113 ಗೆಲ್ಲುತ್ತದೆ ಎನ್ನುವವರಿಗೆ ಈ 91 ನಿಮ್ಮ ಉತ್ತರ.

ಇದಕ್ಕಿಂತ ಒಳ್ಳೆಯದು, ಆ 70 ಪಂದ್ಯಗಳನ್ನು ಅರ್ಧಕ್ಕರ್ಧ ಹಂಚುವ ಬದಲು ನೀವು ಮಾರ್ಚ್‌ನಲ್ಲಿ ಬರೆದಿಟ್ಟ ಅಂದಾಜಿನ ಪ್ರಮಾಣದಲ್ಲಿ ಹಂಚುವುದು. 92 ಗೆಲ್ಲುತ್ತದೆಂದು ಎಣಿಸಿದ್ದ ತಂಡ 6 ಗೆದ್ದು 14 ಸೋತಿದ್ದರೆ, 70ರಲ್ಲಿ 40 ಗೆಲುವು ಸೇರಿಸಿದಾಗ 90ಕ್ಕೆ 46 ಬರುತ್ತದೆ, ಮತ್ತು ಒಟ್ಟು ಗೆಲುವು 79ರ ಸಮೀಪಕ್ಕೆ ಇಳಿಯುತ್ತದೆ. ಒಳ್ಳೆಯ ಅಂದಾಜು ಹಲವು ವರ್ಷಗಳ ಆಟವನ್ನು ಆಧರಿಸಿರುವುದರಿಂದ ಅದಕ್ಕೆ 70ಕ್ಕಿಂತ ಹೆಚ್ಚು ತೂಕ ಕೊಡಬೇಕೆಂದು ಯಾರಾದರೂ ವಾದಿಸಿದರೆ ಒಪ್ಪಿಕೊಳ್ಳಿ. ನನ್ನ ಅಭಿಪ್ರಾಯವೂ ಅದೇ.

ಗೆಲುವಿನ ಕೆಳಗಿರುವ ರನ್‌ಗಳು

ಗೆಲುವು-ಸೋಲಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದರೆ ರನ್‌ಗಳಿವೆ. ತಂಡ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಆ ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತೆಂಬ ಅಂದಾಜು ಸಿಗುತ್ತದೆ. ಬೇಸ್‌ಬಾಲ್ ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ ರೂಪಿಸಿದ ಈ ಸೂತ್ರವನ್ನು ಪೈಥಾಗೊರಸ್‌ನ ಹೆಸರಿನಿಂದ ಕರೆಯುತ್ತಾರೆ. 14-6ರ ತಂಡ 90 ರನ್ ಗಳಿಸಿ 85 ಬಿಟ್ಟುಕೊಟ್ಟಿದ್ದರೆ ಅದು ಗೆಲ್ಲಬೇಕಿದ್ದದ್ದು ಹತ್ತೂವರೆ ಪಂದ್ಯ ಮಾತ್ರ. ಉಳಿದ ಮೂರೂವರೆ ಗೆಲುವು ಸಾಮಾನ್ಯವಾಗಿ ಒಂದೇ ರನ್ ಅಂತರದ ಪಂದ್ಯಗಳಿಂದ ಬಂದಿರುತ್ತದೆ. "ನಮ್ಮ ತಂಡಕ್ಕೆ ಗೆಲ್ಲುವ ಛಲವಿದೆ" ಎಂಬ ಮಾತು ಕೇಳಿಬರುವುದು ಇಂತಹ ಪಂದ್ಯಗಳ ನಂತರವೇ. 2016ರ ಟೆಕ್ಸಸ್ ರೇಂಜರ್ಸ್ ಒಂದು ರನ್ ಅಂತರದ ಪಂದ್ಯಗಳಲ್ಲಿ 36 ಗೆದ್ದು 11 ಮಾತ್ರ ಸೋತು, ಒಟ್ಟು 95 ಪಂದ್ಯ ಗೆದ್ದಿತು. ಇಡೀ ಸೀಸನ್ನಿನಲ್ಲಿ ಅದು ಎದುರಾಳಿಗಳಿಗಿಂತ ಹೆಚ್ಚು ಗಳಿಸಿದ್ದು ಕೇವಲ 8 ರನ್. ಮರುವರ್ಷ ಅದರ ಗೆಲುವು 78ಕ್ಕೆ ಇಳಿಯಿತು. ಒಳ್ಳೆಯ ಬುಲ್‌ಪೆನ್ (ಪಂದ್ಯದ ನಡುವೆ ಬದಲಿಯಾಗಿ ಬರುವ ಎಸೆತಗಾರರ ಗುಂಪು) ಇದ್ದವರಿಗೆ ಇಂತಹ ಪಂದ್ಯಗಳಲ್ಲಿ ಅಲ್ಪ ಅನುಕೂಲವಿದೆ ಎಂಬುದು ಸರಿ, ಆದರೆ ಅದು ಅಲ್ಪವೇ. ಇಪ್ಪತ್ತು ಪಂದ್ಯಗಳ ಹಂತದಲ್ಲಿ ರನ್ ಲೆಕ್ಕಕ್ಕೂ ಒಂದು ದೋಷವಿದೆ: 17-2ರಂತಹ ಒಂದೇ ಪಂದ್ಯ ಇಡೀ ಚಿತ್ರವನ್ನು ತಿರುಚಬಲ್ಲದು. ಅಂಥದ್ದೊಂದಿದ್ದರೆ ಅದನ್ನು ತೆಗೆದು ಮತ್ತೊಮ್ಮೆ ಎಣಿಸಿ.

ಆಟಗಾರರ ವಿಷಯ ಬಂದಾಗ

ತಂಡದ ಮೇಲಿನ ವಾದ ಬಹುಬೇಗ ಒಬ್ಬ ಬ್ಯಾಟರ್ ಅಥವಾ ಚೆಂಡೆಸೆಯುವ ಪಿಚರ್ ಮೇಲಿನ ವಾದವಾಗಿ ಬದಲಾಗುತ್ತದೆ, ಮತ್ತು ಏಪ್ರಿಲ್‌ನಲ್ಲಿ ನಿಜವಾಗಿ ಕಲಿಯಬಹುದಾದದ್ದು ಇರುವುದೂ ಇಲ್ಲೇ. 2006ರಲ್ಲಿ ಡೆಟ್ರಾಯಿಟ್‌ನ ಕ್ರಿಸ್ ಶೆಲ್ಟನ್ ಮೊದಲ 13 ಪಂದ್ಯಗಳಲ್ಲಿ 9 ಹೋಂ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದರು. ಆ ವರ್ಷದ ಅವರ ಒಟ್ಟು ಹೋಂ ರನ್ 16, ಮತ್ತು ಜುಲೈ ಕೊನೆಯಲ್ಲಿ ತಂಡ ಅವರನ್ನು ಕೆಳಹಂತದ ಮೈನರ್ ಲೀಗ್‌ಗೆ ಕಳುಹಿಸಿತು. 2009ರಲ್ಲಿ ಬಾಸ್ಟನ್‌ನ ಡೇವಿಡ್ ಓರ್ಟಿಜ್ ಮೇ 20ರವರೆಗೆ ಒಂದೂ ಹೋಂ ರನ್ ಹೊಡೆಯಲಿಲ್ಲ. ಅವರ ಕಾಲ ಮುಗಿಯಿತೆಂದು ತೀರ್ಮಾನಿಸಿದವರ ಎದುರೇ ಅವರು 28 ಹೋಂ ರನ್‌ಗಳೊಂದಿಗೆ ಸೀಸನ್ ಮುಗಿಸಿದರು. (1994ರ ಆರಂಭದ ದಿನ ಕಬ್ಸ್ ತಂಡದ ಟಫಿ ರೋಡ್ಸ್ ಡ್ವೈಟ್ ಗುಡನ್ ಅವರ ಎಸೆತಗಳಲ್ಲಿ ಮೂರು ಹೋಂ ರನ್ ಹೊಡೆದದ್ದೂ, ಆ ವರ್ಷ ಎಂಟಕ್ಕೇ ನಿಂತದ್ದೂ ಅಭಿಮಾನಿಗಳಿಗೆ ಗೊತ್ತು. ಅದೇ ರೋಡ್ಸ್ 2001ರಲ್ಲಿ ಜಪಾನಿನಲ್ಲಿ 55 ಹೋಂ ರನ್ ಹೊಡೆದದ್ದನ್ನು ಹೇಳಿದರೆ ವಾದ ಸ್ವಲ್ಪ ಹೊತ್ತು ನಿಲ್ಲುತ್ತದೆ.)

ಆದ್ದರಿಂದ ಬ್ಯಾಟಿಂಗ್ ಸರಾಸರಿಯನ್ನು ಪಕ್ಕಕ್ಕಿಟ್ಟು, ಬೇಗ ಸ್ಥಿರವಾಗುವ ಅಂಶಗಳನ್ನು ಹುಡುಕಿ. ಬ್ಯಾಟರ್ ಎಷ್ಟು ಬಾರಿ ಸ್ಟ್ರೈಕ್‌ಔಟ್ ಆಗುತ್ತಾನೆ (ಮೂರು ಸ್ಟ್ರೈಕ್‌ಗಳಿಗೆ ಔಟಾಗುತ್ತಾನೆ) ಎಂಬ ಪ್ರಮಾಣ ಸುಮಾರು 60 ಬ್ಯಾಟಿಂಗ್ ಸರದಿಗಳಲ್ಲಿ ಅರ್ಥಪೂರ್ಣವಾಗತೊಡಗುತ್ತದೆ, ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಪ್ರಮಾಣಕ್ಕೆ ಸುಮಾರು ಅದರ ಎರಡರಷ್ಟು ಸರದಿಗಳು ಬೇಕು. ಹೊಡೆದ ಚೆಂಡು ಮೈದಾನದೊಳಗೆ ಬಿದ್ದಾಗ ಹಿಟ್ ಆಗುವ, ಅಂದರೆ ಬ್ಯಾಟರ್ ಔಟಾಗದೆ ಬೇಸ್ ತಲುಪುವ, ಪ್ರಮಾಣವಾದ ಬಾಬಿಪ್ ಸ್ಥಿರವಾಗಲು ಒಂದು ಸೀಸನ್ ಕೂಡ ಸಾಲದು. ಲೀಗ್‌ನಲ್ಲಿ ಅದು 0.300ರ ಆಸುಪಾಸಿನಲ್ಲಿರುತ್ತದೆ, ಏಪ್ರಿಲ್‌ನಲ್ಲಿ ಯಾರದಾದರೂ 0.420 ಎಂದಿದ್ದರೆ ಅವರು ಇಳಿಯಲಿದ್ದಾರೆ, 0.190 ಎಂದಿದ್ದು ಸ್ಟ್ರೈಕ್‌ಔಟ್ ಹೆಚ್ಚಿಲ್ಲದಿದ್ದರೆ ಏರಲಿದ್ದಾರೆ. 2015ರಿಂದ ಎಲ್ಲ ಮೈದಾನಗಳಲ್ಲೂ ಇರುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆಯಿಂದ ಬ್ಯಾಟಿನಿಂದ ಹೊರಟ ಚೆಂಡಿನ ವೇಗವೂ ಸಿಗುವುದರಿಂದ, ಗಂಟೆಗೆ 95 ಮೈಲಿಗಿಂತ ಹೆಚ್ಚು ವೇಗದಲ್ಲಿ ಎಷ್ಟು ಬಾರಿ ಹೊಡೆದಿದ್ದಾರೆಂದು ನೋಡಿ. ಗಟ್ಟಿಯಾಗಿ ಹೊಡೆದೂ ಫೀಲ್ಡರ್‌ಗಳ ಕೈಗೇ ಕೊಡುತ್ತಿರುವ ಬ್ಯಾಟರ್‌ನ ಪರವಾಗಿ ಧೈರ್ಯದಿಂದ ವಾದಿಸಬಹುದು.

ಪಿಚರ್ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಫಾಸ್ಟ್‌ಬಾಲ್‌ನ ವೇಗ. ಎರಡು ಮೂರು ಪಂದ್ಯಗಳಲ್ಲೇ ನಂಬಬಹುದಾದ ಅಳತೆ ಅದು, ಮತ್ತು ಎರಡು ಮೈಲಿಯಷ್ಟು ವೇಗ ಕುಸಿದಿದ್ದರೆ ಭುಜ ಅಥವಾ ಮೊಣಕೈ ನೋವಿನ ಸುದ್ದಿ ಹಿಂದೆಯೇ ಬರುವ ಸಂಭವವಿದೆ. ಆದರೆ ಪಿಚರ್‌ಗಳು ಬೇಸಿಗೆಗಿಂತ ಏಪ್ರಿಲ್‌ನ ಚಳಿಯಲ್ಲಿ ಸ್ವಲ್ಪ ನಿಧಾನವಾಗಿಯೇ ಎಸೆಯುತ್ತಾರೆ. ಹಿಂದಿನ ಆಗಸ್ಟ್‌ನ ವೇಗಕ್ಕಲ್ಲ, ಹಿಂದಿನ ಏಪ್ರಿಲ್‌ನ ವೇಗಕ್ಕೆ ಹೋಲಿಸಿ. ಈ ಒಂದು ಎಚ್ಚರಿಕೆ ಇಲ್ಲದೆ ಪ್ರತಿ ವರ್ಷ ಆರೋಗ್ಯವಂತ ಪಿಚರ್‌ಗಳ ಮೇಲೆ ಎಷ್ಟು ಶೋಕಗೀತೆಗಳು ಹಾಡಲ್ಪಡುತ್ತವೆಯೋ ಲೆಕ್ಕವಿಲ್ಲ. ತಣ್ಣನೆಯ, ಹೆಚ್ಚು ಸಾಂದ್ರವಾದ ಗಾಳಿಯಲ್ಲಿ ಚೆಂಡೂ ದೂರ ಹೋಗುವುದಿಲ್ಲವಾದ್ದರಿಂದ ಹೋಂ ರನ್ ಸಂಖ್ಯೆಗೂ ಇದೇ ನಿಯಮ.

ವೇಳಾಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೆ ಸಾಕು. 2023ರಿಂದ ಪ್ರತಿ ತಂಡವೂ ಉಳಿದ 29 ತಂಡಗಳನ್ನೂ ಎದುರಿಸುತ್ತದೆ, ಆದ್ದರಿಂದ ಸೀಸನ್ ಮುಗಿಯುವಾಗ ಎದುರಾಳಿಗಳ ವ್ಯತ್ಯಾಸ ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಒಂದು ತಂಡ ಲೀಗ್‌ನ ಮೂರು ದುರ್ಬಲ ತಂಡಗಳನ್ನು ಸಾಲಾಗಿ ಎದುರಿಸಿರಬಹುದು.

ಮನಸ್ಸು ಬದಲಾಗುವ ಷರತ್ತು

ಇಷ್ಟೆಲ್ಲ ಸಿದ್ಧಪಡಿಸಿಕೊಂಡ ಮೇಲೆ ಎದುರಾಳಿಯನ್ನು ಒಂದೇ ಪ್ರಶ್ನೆ ಕೇಳಿ: ಏನು ನಡೆದರೆ ನೀವು ನಿಮ್ಮ ಅಭಿಪ್ರಾಯ ಬದಲಿಸುತ್ತೀರಿ? ಅದೇ ಪ್ರಶ್ನೆಗೆ ನೀವೂ ಉತ್ತರ ಕೊಡಿ. "ಪಂದ್ಯ ಆರಂಭಿಸುವ ಮುಖ್ಯ ಪಿಚರ್‌ಗೆ ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ" ಎಂಬುದು ಒಳ್ಳೆಯ ಉತ್ತರ, ಏಕೆಂದರೆ ಆ ಪಿಚರ್ ಮರಳಲು ವರ್ಷಕ್ಕಿಂತ ಹೆಚ್ಚು ಬೇಕು. "ಇನ್ನೊಂದು ವಾರ ಹೀಗೇ ಸೋತರೆ" ಎಂಬುದು ಕೆಟ್ಟ ಉತ್ತರ. ತಾನಾಗಿ ಸರಿಹೋಗದ ಕಾರಣಗಳನ್ನೂ ತಾನಾಗಿ ಸರಿಹೋಗುವ ಕಾರಣಗಳನ್ನೂ ಬೇರೆ ಮಾಡಿ ಬರೆದುಕೊಳ್ಳಿ. ಗಾಯಾಳುಗಳ ಪಟ್ಟಿಯಲ್ಲಿ ಹತ್ತು ದಿನಕ್ಕೆ ಸೇರಿದ ಬ್ಯಾಟರ್ ಒಂದು ಬದಿ, 60 ದಿನಕ್ಕೆ ಸೇರಿದ ಪಿಚರ್ ಇನ್ನೊಂದು ಬದಿ. ಮತ್ತೆ ಕೂತು ಮಾತನಾಡುವ ದಿನವನ್ನೂ ಗೊತ್ತುಮಾಡಿ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ ಇದಕ್ಕೆ ರೂಢಿಯ ದಿನ, ಆಗ ಐವತ್ತಕ್ಕೂ ಹೆಚ್ಚು ಪಂದ್ಯಗಳು ಮುಗಿದಿರುತ್ತವೆ.

ಆ ದಿನವೂ ಲೆಕ್ಕ ತಪ್ಪಬಹುದು. 2019ರ ಮೇ 23ರಂದು ವಾಷಿಂಗ್ಟನ್ ನ್ಯಾಷನಲ್ಸ್ 19 ಗೆದ್ದು 31 ಸೋತಿತ್ತು. ಮೇಲೆ ಹೇಳಿದ 35-35ರ ಸೂತ್ರ ಅದಕ್ಕೆ ಕೊಡುತ್ತಿದ್ದದ್ದು ಸುಮಾರು 69 ಗೆಲುವು. ಆದರೆ ಆ ಐವತ್ತು ಪಂದ್ಯಗಳ ಅವಧಿಯಲ್ಲಿ ಬೆರಳು ಮುರಿದುಕೊಂಡ ಟ್ರೇ ಟರ್ನರ್, ಮೊಣಕೈಗೆ ಪೆಟ್ಟು ತಿಂದ ಆಂಥೊನಿ ರೆಂಡನ್, ಬೆನ್ನು ನೋವಿದ್ದ ಹ್ವಾನ್ ಸೋಟೊ, ಮೂವರೂ ಸರದಿಯಂತೆ ಗಾಯಾಳುಗಳ ಪಟ್ಟಿಗೆ ಹೋಗಿ ಅಷ್ಟರಲ್ಲಿ ಮರಳಿದ್ದರು. ಲೀಗ್‌ನಲ್ಲೇ ಕಳಪೆಯಾಗಿದ್ದ ಬುಲ್‌ಪೆನ್ ಒಂದನ್ನು ಬಿಟ್ಟರೆ ಮಾರ್ಚ್‌ನ ಅಂದಾಜಿಗೆ ಆಧಾರವಾಗಿದ್ದ ತಂಡ ಬಹುಮಟ್ಟಿಗೆ ಮತ್ತೆ ಮೈದಾನದಲ್ಲಿತ್ತು. ಉಳಿದ 112 ಪಂದ್ಯಗಳಲ್ಲಿ ಅದು 74 ಗೆದ್ದು, ಒಟ್ಟು 93 ಗೆಲುವುಗಳೊಂದಿಗೆ ವೈಲ್ಡ್ ಕಾರ್ಡ್ ಪಡೆದು, ಅಕ್ಟೋಬರ್ 30ರಂದು ಹ್ಯೂಸ್ಟನ್‌ನಲ್ಲಿ ಏಳನೆಯ ಪಂದ್ಯ ಗೆದ್ದು ವರ್ಲ್ಡ್ ಸೀರೀಸ್ ತನ್ನದಾಗಿಸಿಕೊಂಡಿತು.