ಘಾಟು ಏಳಿಸದೆ ಹುರಿಯುವುದು, ಕೈ ಉರಿಯದ ಹಾಗೆ ತೊಟ್ಟು ಬಿಡಿಸುವುದು: ನನ್ನ ಅನುಭವ

ವರ್ಷದ ಖಾರದ ಪುಡಿಗೆ ಬೇಕಾಗುವ ಏಳೆಂಟು ಕೆಜಿ ಒಣಮೆಣಸಿನಕಾಯಿಯನ್ನು ಬಾಡಿಗೆ ಮನೆಯ ಚಿಕ್ಕ ಅಡುಗೆಮನೆಯಲ್ಲೇ, ಪಕ್ಕದ ಮನೆಯವರು ಕೆಮ್ಮದ ಹಾಗೆ ಹುರಿಯಬಹುದು. ರಾತ್ರಿ ಕೈ ಉರಿದು ನಿದ್ದೆ ಕೆಡುವುದೂ ಇಲ್ಲ. ನಮ್ಮ ಚಿಂತಾಮಣಿ ಕಡೆ ಇದನ್ನು ಹೇಳಿದಾಗ ನಂಬಿದವರು ಕಡಿಮೆ. "ಮೆಣಸಿನಕಾಯಿ ಅಂದಮೇಲೆ ಘಾಟು ಇರಲ್ವಾ? ಎರಡು ದಿನ ಉರಿ ತಡ್ಕೋಬೇಕು ಅಷ್ಟೇ" ಅನ್ನುವುದು ಹಿರಿಯರ ಮಾತು, ಮಿಲ್ಲಿನವರದ್ದೂ ಅದೇ. ಈಗ ಕೆಲವು ಬೇಸಿಗೆಗಳಿಂದ ಈ ಕ್ರಮ ಒಮ್ಮೆಯೂ ಕೈಕೊಟ್ಟಿಲ್ಲ. ಅನುಮಾನಪಟ್ಟವರೇ ತಮ್ಮ ಮನೆಯ ಮೆಣಸಿನಕಾಯಿ ಕಟ್ಟಿಕೊಂಡು ಬಂದು ಹುರಿಸಿಕೊಂಡು ಹೋಗುತ್ತಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ, ಸ್ವಲ್ಪ ಆಚೀಚೆ ಇರಬಹುದು.

ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಪ್ರತಿ ಹಂತದಲ್ಲೂ ಎಣ್ಣೆ ಮೊದಲು, ನೀರು ಕೊನೆಗೆ. ಸಾಮಾನ್ಯವಾಗಿ ನಾವು ಮಾಡುವುದು ಇದರ ಉಲ್ಟಾ.

ತೊಟ್ಟು ಬಿಡಿಸುವುದರಿಂದ ಶುರು ಮಾಡುತ್ತೇನೆ, ಉರಿ ಹತ್ತುವುದು ಅಲ್ಲೇ. ಉಗುರು ಹಾಕಿ ತೊಟ್ಟು ಕಿತ್ತರೆ ಅದರ ಜೊತೆ ಒಳಗಿನ ಬಿಳಿ ತಿರುಳಿನ ಚೂರೂ ಎದ್ದು ಬಂದು ಉಗುರಿನ ಸಂದಿಗೆ ಸೇರುತ್ತದೆ. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಮೆತ್ತಿಕೊಂಡಿರುವ ಖಾರವೂ ಅಲ್ಲಿಂದ ಬಂದದ್ದೇ. ಅದಕ್ಕೆ ಉಗುರು ತಾಗಿಸದೆ, ಎಡಗೈಯಲ್ಲಿ ಕಾಯಿಯ ಕತ್ತು ಹಿಡಿದು ಬಲಗೈಯ ಬೆರಳಿನ ಮೆತ್ತನೆ ಭಾಗದಿಂದ ತೊಟ್ಟನ್ನು ಪಕ್ಕಕ್ಕೆ ತಿರುಚಿ ಎಳೆಯಬೇಕು. ಹೊತ್ತೂ ಮುಖ್ಯ. ಪೂರ್ತಿ ಗರಿಗರಿ ಒಣಗಿದ ಮೇಲೆ ಕೂತರೆ ಕಾಯಿಯೇ ಪುಡಿಯಾಗಿ ಧೂಳೆದ್ದು ಮೂಗಿಗೆ ಹೋಗುತ್ತದೆ. ತಂದ ತಕ್ಷಣ ಕೂತರೆ ತೊಟ್ಟು ಬಗ್ಗುತ್ತದೆಯೇ ಹೊರತು ಬರುವುದಿಲ್ಲ. ಅರ್ಧ ದಿನದ ಬಿಸಿಲು ಕಾಣಿಸಿ, ತೊಟ್ಟು ಒಣಗಿ ಕಾಯಿ ಇನ್ನೂ ಮೆತ್ತಗಿರುವಾಗ ಕೂರಬೇಕು. ಗಾಳಿಗೆ ಬೆನ್ನು ಮಾಡಿ, ಫ್ಯಾನ್ ಆರಿಸಿ. ಮೊದಲು ಬ್ಯಾಡಗಿ, ಆಮೇಲೆ ಗುಂಟೂರು. ಬ್ಯಾಡಗಿಯ ಖಾರ ಕಡಿಮೆ, ಅದರಲ್ಲೂ ಸುಕ್ಕು ಸುಕ್ಕಾದ ಡಬ್ಬಿ ಅನ್ನುವ ಬಗೆಯದ್ದು ಬಣ್ಣವೇ ಹೆಚ್ಚು. ಗುಂಟೂರು ಮುಟ್ಟಿದ ಕೈಯಲ್ಲಿ ಬ್ಯಾಡಗಿಗೆ ಕೂತರೆ ಆ ಉರಿಯಲ್ಲೇ ಇಡೀ ಮಧ್ಯಾಹ್ನ ಕಳೆಯಬೇಕು.

ಗ್ಲೌಸಿನ ಮೇಲೆ ಸಾಕಷ್ಟು ದುಡ್ಡು ಹೋಗಿದೆ. ಹೋಟೆಲಿನಲ್ಲಿ ಹಾಕಿಕೊಳ್ಳುವ ತೆಳ್ಳನೆ ಪ್ಲಾಸ್ಟಿಕ್‌ನದು ಅಗ್ಗ, ಆದರೆ ತೊಟ್ಟಿನ ಮೊನೆ ತಾಗಿ ತೂತಾಗುತ್ತದೆ. ತೂತಿನಿಂದ ಒಳಗೆ ಹೋದ ಪುಡಿ ಬೆವರಿನ ಜೊತೆ ಸೇರಿದರೆ ಬರಿಗೈಗಿಂತ ಕಡೆ. ಪಾತ್ರೆ ತೊಳೆಯುವ ದಪ್ಪ ರಬ್ಬರಿನದು ಒಂದು ಜೊತೆಗೆ ನೂರು ರೂಪಾಯಿ ಆಸುಪಾಸು. ರುಬ್ಬುವಾಗ ಸರಿ, ತೊಟ್ಟು ಮಾತ್ರ ಬೆರಳಿಗೆ ಸಿಗುವುದಿಲ್ಲ. ಮೆಡಿಕಲ್ ಶಾಪಿನ ಬಿಳಿ ಲೇಟೆಕ್ಸ್ ಮೊದಲಿಗೆ ಚೆನ್ನಾಗಿತ್ತು, ಎಣ್ಣೆ ತಾಗಿದ ಮೇಲೆ ಸಡಿಲವಾಗಿ ಹರಿದುಹೋಯಿತು. ಕೊನೆಗೆ ನಿಂತದ್ದು ನೀಲಿ ನೈಟ್ರೈಲ್, ಅಂದರೆ ಕೃತಕ ರಬ್ಬರಿನ ತೆಳ್ಳನೆ ಗ್ಲೌಸ್. ನೂರು ಇರುವ ಡಬ್ಬಿಗೆ ನಾನ್ನೂರರಿಂದ ಐನೂರು ಕೊಟ್ಟ ನೆನಪು. ಎಣ್ಣೆಗೆ ಜಗ್ಗುವುದಿಲ್ಲ, ಬೆರಳಿಗೆ ತೊಟ್ಟು ಗೊತ್ತಾಗುತ್ತದೆ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಬದಲಾಯಿಸಿ. ಬಿಚ್ಚುವಾಗ ಮಣಿಕಟ್ಟಿನಿಂದ ಹಿಡಿದು ಒಳಗಿನ ಮೈ ಹೊರಗೆ ಬರುವ ಹಾಗೆ ಮಗುಚಿ ತೆಗೆಯಿರಿ, ಬೆರಳ ತುದಿ ಹಿಡಿದು ಎಳೆಯಬೇಡಿ.

ಗ್ಲೌಸ್ ಬೇಡ ಅನ್ನುವವರು ಹರಳೆಣ್ಣೆ ಹಚ್ಚಿಕೊಳ್ಳಿ. ಕೊಬ್ಬರಿ ಎಣ್ಣೆ ತೆಳ್ಳಗೆ, ಬೇಗ ಒರೆಸಿಹೋಗುತ್ತದೆ. ಹರಳೆಣ್ಣೆ ದಪ್ಪಗೆ ಕೂರುತ್ತದೆ. ಉಗುರಿನ ಸುತ್ತ, ಬೆರಳ ಸಂದಿಯಲ್ಲಿ ಚೆನ್ನಾಗಿ ತುಂಬಬೇಕು. ಆದರೆ ಅದೇ ಎಣ್ಣೆಯಲ್ಲಿ ಸಂಜೆವರೆಗೆ ಕೂರುವಂತಿಲ್ಲ. ಎಣ್ಣೆ ಖಾರವನ್ನು ಎಳೆದುಕೊಂಡಿರುತ್ತದೆ, ಅದನ್ನು ಕೈಮೇಲೆ ಇಟ್ಟುಕೊಂಡಿದ್ದರೆ ನಿಧಾನಕ್ಕೆ ಚರ್ಮಕ್ಕೇ ಇಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಹಳೆ ಬಟ್ಟೆಯಲ್ಲಿ ಒತ್ತಿ ಒರೆಸಿ ಹೊಸದಾಗಿ ಹಚ್ಚಬೇಕು.

ಇಷ್ಟಾದರೂ ಕೈ ಉರಿದರೆ? ನಿಂಬೆಹಣ್ಣು, ಹುಣಸೆ ನೀರು, ಈರುಳ್ಳಿ, ಟೂತ್‌ಪೇಸ್ಟ್ ಎಲ್ಲ ನೋಡಿ ಆಗಿದೆ, ಒಂದೂ ಪ್ರಯೋಜನವಿಲ್ಲ. ಐಸ್ ಇಟ್ಟಿರುವಷ್ಟು ಹೊತ್ತು ಮಾತ್ರ ಹಾಯ್ ಅನ್ನಿಸುತ್ತದೆ. ಬಿಸಿನೀರಂತೂ ಬೇಡವೇ ಬೇಡ. ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನೇ ಕ್ಯಾಪ್ಸೈಸಿನ್ ತಟ್ಟುವುದು, ಅದಕ್ಕೇ ಉಗುರುಬೆಚ್ಚಗಿನ ನೀರೂ ಬೆಂಕಿಯಂತೆ ಅನ್ನಿಸುತ್ತದೆ. ಈ ಬಾಗಿಲನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೆಲಸ ಮಾಡುವ ಕ್ರಮ ಹೀಗಿದೆ: ಮೊದಲು ಒಣಬಟ್ಟೆಯಲ್ಲಿ ಒರೆಸಿ. ಒಂದು ಚಮಚ ಅಡುಗೆ ಎಣ್ಣೆ ಹಾಕಿ ಒಂದು ನಿಮಿಷ ತಿಕ್ಕಿ, ಮತ್ತೆ ಒರೆಸಿ. ಒದ್ದೆ ಮಾಡದೆಯೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ, ಆಮೇಲೆ ತಣ್ಣೀರು. ಇಡೀ ಸುತ್ತನ್ನು ಇನ್ನೊಮ್ಮೆ ಮಾಡಿ. ಉಗುರಿನ ಅಡಿಗೆ ಹಳೆ ಟೂತ್‌ಬ್ರಷ್. ಉಳಿದ ಉರಿಗೆ ತಣ್ಣನೆ ಮೊಸರಿನಲ್ಲಿ ಕೈ ಅದ್ದಿ ಕೂರಿ. ನೇರ ಮೊಸರಿಗೇ ಹೋಗುವವರಿದ್ದಾರೆ, ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಬಚ್ಚಲಿಗೆ ಹೋಗುವ ಮೊದಲೇ ಕೈ ತೊಳೆಯಿರಿ. ಕೈಕೂಸು ಇರುವ ಮನೆಯಲ್ಲಿ ಆ ದಿನ ಮಗುವಿಗೆ ತಿನ್ನಿಸುವ ಕೆಲಸ ಬೇರೆಯವರದ್ದಾಗಲಿ.

ಕಣ್ಣಿನ ವಿಷಯದಲ್ಲಿ ಎಣ್ಣೆಯೂ ಇಲ್ಲ, ಹಾಲೂ ಇಲ್ಲ, ಎದೆಹಾಲೂ ಬೇಡ. ಉಜ್ಜದೆ, ಶುದ್ಧ ನೀರನ್ನು ಸಣ್ಣಗೆ ಹರಿಸುತ್ತ ಕಾಲು ಗಂಟೆ ತೊಳೆಯಿರಿ. ಆಮೇಲೂ ಉರಿ ಇಳಿಯದಿದ್ದರೆ, ಕಣ್ಣು ಮಂಜಾದರೆ ಡಾಕ್ಟರ ಹತ್ತಿರ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕೆಲಸಕ್ಕೆ ಕೂರುವ ಮೊದಲೇ ತೆಗೆದಿಡಿ, ಅವತ್ತು ಮತ್ತೆ ಮುಟ್ಟಬೇಡಿ.

ಇನ್ನು ಹುರಿಯುವುದು. ಎಲ್ಲರೂ ಅನುಮಾನಪಟ್ಟದ್ದು ಇದಕ್ಕೇ. ಘಾಟು ಹೆಚ್ಚಾಗಿ ಏಳುವುದು ಕಾಯಿಯಿಂದಲ್ಲ. ಬಾಣಲೆಯ ತಳದಲ್ಲಿ ಉದುರಿದ ಬೀಜ, ಚೂರುಗಳಿಂದ. ಮೊದಲ ಹಿಡಿಯ ಬೀಜ ಅಲ್ಲೇ ಉಳಿದು, ಎರಡನೆಯ ಹಿಡಿ ಹಾಕಿದಾಗ ಕಪ್ಪಗೆ ಸುಟ್ಟು ಹೊಗೆಯಾಗುತ್ತದೆ. ಗಮನಿಸಿ ನೋಡಿ, ಮೊದಲ ಬಾಣಲೆಗೆ ಯಾರೂ ಕೆಮ್ಮುವುದಿಲ್ಲ, ಮೂರನೆಯದಕ್ಕೆ ಬೀದಿಯೇ ಕೆಮ್ಮುತ್ತದೆ. ಆದ್ದರಿಂದ ತೊಟ್ಟು ಬಿಡಿಸಿದ ಮೇಲೆ ಜರಡಿ ಹಿಡಿದು ಬೀಜವನ್ನೆಲ್ಲ ಬೇರೆ ಮಾಡಿ. ಪ್ರತಿ ಹಿಡಿಯ ನಂತರ ಒಣಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಬಾಣಲೆ ಒರೆಸಿ. ಬೀಜಕ್ಕೆ ಹುರಿಯುವ ಅಗತ್ಯವೇ ಇಲ್ಲ, ಬಿಸಿಲಿನಲ್ಲಿ ಒಣಗಿಸಿ ಹಾಗೇ ಮಿಲ್ಲಿಗೆ ಸೇರಿಸಬಹುದು.

ಎರಡನೆಯದು ಬಿಸಿಲು. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ನಮ್ಮಲ್ಲಿ ಒಳ್ಳೆ ಒಣ ಬಿಸಿಲು. ಎರಡು ಮೂರು ದಿನ ತಾರಸಿಯಲ್ಲಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಸಂಜೆ ಮಂಜು ತಾಗದ ಹಾಗೆ ಒಳಗೆ ತನ್ನಿ. ಬಗ್ಗಿಸಿದರೆ ಪಟ್ ಎಂದು ಮುರಿಯಬೇಕು. ಅಷ್ಟು ಒಣಗಿದ್ದರೆ ಒಲೆಯ ಮೇಲೆ ಬರೀ ಬೆಚ್ಚಗೆ ಮಾಡಿದರೆ ಸಾಕು. ತೇವ ಇರುವ ಕಾಯಿಯ ಮೇಲ್ಮೈ ಸುಡುತ್ತದೆ, ಒಳಗೆ ಮೆತ್ತಗೇ ಇರುತ್ತದೆ, ಪುಡಿಗೆ ತಿಂಗಳೊಳಗೆ ಬೂಷ್ಟು. ಬೂಷ್ಟು ಹಿಡಿದ ಕಾಯಿಯನ್ನು ಒರೆಸಿ ಬಳಸುವುದು ಬೇಡ, ಎಸೆಯಿರಿ.

ದಪ್ಪ ಕಬ್ಬಿಣದ ಬಾಣಲೆ, ಸಣ್ಣ ಉರಿ, ಸಲಕ್ಕೆ ಕಾಲು ಕೆಜಿ. ಒಲೆಗೆ ಹಾಕುವ ಮೊದಲೇ ಮೊರದಲ್ಲಿ ಕಾಲು ಟೀ ಚಮಚ ಹರಳೆಣ್ಣೆ ಹಾಕಿ ಕಾಯಿಗೆಲ್ಲ ಸವರಿ. ಬಾಣಲೆಗೆ ಎಣ್ಣೆ ಸುರಿದರೆ ತಳದಲ್ಲಿ ಕಾದು ಅದೇ ಹೊಗೆಯಾಗುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಕಾಯಿ ಸ್ವಲ್ಪ ಉಬ್ಬಿ, ಸೌಟು ಆಡಿಸಿದಾಗ ಗಲಗಲ ಸದ್ದು ಬರುತ್ತದೆ. ಹೊಗೆ ಕಾಣುವ ಮೊದಲೇ ಮೂಗಿನ ತುದಿ ಚುರ್ ಅನ್ನುತ್ತದೆ, ಆ ಕ್ಷಣ ಅಗಲವಾದ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಕಬ್ಬಿಣದ ಕಾವಿಗೆ ಸುಡುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಎದುರಿನ ಕಿಟಕಿ ತೆರೆದು, ಒಳಮನೆಯ ಬಾಗಿಲು ಮುಚ್ಚಿ. ದಮ್ಮು ಇರುವವರು ಆ ಹೊತ್ತು ಮನೆಯಲ್ಲಿ ಇರದಿರುವುದೇ ಒಳ್ಳೆಯದು. ಎಣ್ಣೆಯ ಜೊತೆ ನಾವು ಇನ್ನೊಂದು ಪದಾರ್ಥ ಚಿಟಿಕೆಯಷ್ಟು ಸವರುತ್ತೇವೆ. ಅದು ಮತ್ತು ಬ್ಯಾಡಗಿ ಗುಂಟೂರು ಬೆರೆಸುವ ಅಳತೆ ನಮ್ಮ ಮನೆಯದ್ದಾಗಿಯೇ ಇರಲಿ.

ಕಡಲೆಕಾಯಿ ಎಣ್ಣೆಯಲ್ಲೂ ಘಾಟು ಕಡಿಮೆಯಾಯಿತು, ಆದರೆ ಪುಡಿ ಕೆಲವು ತಿಂಗಳಿಗೆ ಕಮಟು ಹಿಡಿಯಿತು. ಕಲ್ಲುಪ್ಪು ಹಾಕಿ ಹುರಿಯುವುದು ಹಳೆಯ ಪದ್ಧತಿ. ಕಾವು ಸಮನಾಗಿ ಹರಡುತ್ತದೆ, ನಿಜ, ಆದರೆ ಜರಡಿ ಹಿಡಿದ ಮೇಲೂ ಉಳಿಯುವ ಉಪ್ಪು ಮಳೆಗಾಲದಲ್ಲಿ ತೇವ ಎಳೆದು ಪುಡಿಯನ್ನು ಗಂಟು ಕಟ್ಟಿಸುತ್ತದೆ. ಬಾಣಲೆಗೆ ಮುಚ್ಚಳ ಹಾಕಿದರೆ ಘಾಟು ನಿಲ್ಲುವುದಿಲ್ಲ, ಕೂಡಿಟ್ಟುಕೊಂಡು ತೆಗೆದಾಗ ಒಟ್ಟಿಗೆ ಮುಖಕ್ಕೆ ಬರುತ್ತದೆ. ಮೈಕ್ರೋವೇವ್‌ನಲ್ಲೂ ಇದೇ ಗತಿ, ಜೊತೆಗೆ ಹೊತ್ತಿಕೊಳ್ಳುವ ಭಯ ಬೇರೆ.

ಹಸಿಮೆಣಸಿನಕಾಯಿಯ ಪ್ರಯೋಗವೊಂದು ಇಲ್ಲಿ ಹೇಳಲೇಬೇಕು. ಮಜ್ಜಿಗೆ ಮೆಣಸಿನಕಾಯಿಗೆ ಚಾಕುವಿನಿಂದ ಸೀಳುವಾಗ ರಸ ಚಿಮ್ಮುತ್ತದೆ. ಅದರ ಬದಲು ಉಪ್ಪು ಬೆರೆಸಿದ ಹುಳಿಮೊಸರಿನ ಪಾತ್ರೆಯಲ್ಲಿ ಕಾಯಿಯನ್ನು ಮುಳುಗಿಸಿ ಹಿಡಿದು ದಬ್ಬಳದಿಂದ ಎರಡು ಕಡೆ ಚುಚ್ಚಿ. ಚಿಮ್ಮುವುದೆಲ್ಲ ಮೊಸರಿಗೇ ಹೋಗುತ್ತದೆ, ಬೆರಳಿಗೂ ಮೊಸರಿನ ರಕ್ಷಣೆ. ಕೆಜಿ ಕಾಯಿಗೆ ಲೀಟರ್ ಮೊಸರು, ನೂರು ಗ್ರಾಂಗೆ ಸ್ವಲ್ಪ ಮೇಲೆ ಉಪ್ಪು. ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಅದೇ ಮೊಸರಿಗೆ, ಮೊಸರು ಮುಗಿಯುವವರೆಗೆ. ಎರಡು ತೂತು ಇರುವುದರಿಂದ ಕರಿಯುವಾಗ ಸಿಡಿಯುವುದೂ ಇಲ್ಲ. ಉಪ್ಸಾರಿನ ಖಾರಕ್ಕೆ ಕಾಯಿಯನ್ನು ನೇರ ಒಲೆಯ ಮೇಲೆ ಸುಡುವವರೂ ಮೊದಲು ಚುಚ್ಚಿಕೊಳ್ಳಿ.

ಮಿಲ್ಲಿನಲ್ಲಿ ಕೆಜಿಗೆ ನಲವತ್ತು ರೂಪಾಯಿ ಹತ್ತಿರ ಕೊಡಬೇಕು. ಸ್ವಲ್ಪವೇ ಇದ್ದರೆ ಮಿಕ್ಸಿ ಸಾಕು. ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ನಿಲ್ಲಿಸಿದ ಮೇಲೆ ಹತ್ತು ನಿಮಿಷ ತೆಗೆಯಬೇಡಿ. ಜಾರಿಗೆ ಬಿಸಿನೀರು ಹಾಕಿದರೆ ಆವಿಯ ಜೊತೆ ಘಾಟು ಏಳುತ್ತದೆ. ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ, ಅಂಟಿದ ಖಾರವನ್ನೆಲ್ಲ ಅದು ಎಳೆದುಕೊಳ್ಳುತ್ತದೆ, ಆ ಹಿಟ್ಟು ನಿಪ್ಪಟ್ಟಿಗೆ ಆಗುತ್ತದೆ. ಆಮೇಲೆ ಸೋಪು, ತಣ್ಣೀರು. ಕೈ ಒರೆಸಿದ ಬಟ್ಟೆ, ತಾರಸಿಯಲ್ಲಿ ಹಾಸಿದ ಬಟ್ಟೆ ಇವನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ, ಮಕ್ಕಳ ಬಟ್ಟೆಗೂ ಖಾರ ಹತ್ತುತ್ತದೆ. ಬೇರೆ ಬಕೆಟ್ಟಿನಲ್ಲಿ ಲಿಕ್ವಿಡ್ ಹಾಕಿ ನೆನೆಸಿ, ಗ್ಲೌಸ್ ಹಾಕಿಕೊಂಡೇ ಹಿಂಡಿ.