ಗೋಡೆ ಮುಚ್ಚುವ ಮುನ್ನ: ಮಾತು, ಫೋಟೋ ಎರಡೂ ಒಂದೇ ನೋಟ್‌ನಲ್ಲಿ

ಮನೆ ಕಟ್ಟಿಸುವವರು ಪ್ಲಾಸ್ಟರಿಂಗ್‌ಗೆ ಮೊದಲು ನೀರಿನ ಪೈಪು, ವಯರಿಂಗ್ ಹಾದುಹೋದ ಜಾಗದ ಫೋಟೋ ತೆಗೆದಿಡುವುದುಂಟು. ಎರಡು ವರ್ಷ ಬಿಟ್ಟು ಡ್ರಿಲ್ ಹಿಡಿದು ನಿಂತಾಗ ಅದು ಯಾವ ಕೋಣೆಯ ಗೋಡೆ ಎಂಬುದೇ ತಿಳಿಯುವುದಿಲ್ಲ. ಫೋಟೋ ಜೊತೆ ನಾಲ್ಕು ಮಾತೂ ಇದ್ದರೆ ಈ ಪೇಚಾಟವಿಲ್ಲ. ಆಂಡ್ರಾಯ್ಡ್ ಫೋನಿನ ಗೂಗಲ್ ಕೀಪ್ ಎಂಬ ಟಿಪ್ಪಣಿ ಆ್ಯಪ್ ಇದಕ್ಕೆ ಸಾಕು.

ಕೀಪ್ ನಿಮ್ಮ ದನಿಯನ್ನು ಉಳಿಸುವುದರ ಜೊತೆಗೆ ಮಾತನ್ನು ಅಕ್ಷರಕ್ಕೂ ಇಳಿಸುತ್ತದೆ, ಹಾಗಾಗಿ ಮೊದಲು ಭಾಷೆ ಸರಿಮಾಡಿಕೊಳ್ಳಿ. ಗೂಗಲ್ ಆ್ಯಪ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನೊಳಗಿನ ‘ವಾಯ್ಸ್’ಗೆ ಹೋಗಿ ಕನ್ನಡ ಆರಿಸಿ. ಇಂಗ್ಲಿಷ್ ಮಾತ್ರ ಇದ್ದರೆ ದನಿಯೇನೋ ಸರಿಯಾಗಿ ಉಳಿಯುತ್ತದೆ, ಕೆಳಗೆ ಮೂಡುವ ಅಕ್ಷರ ಮಾತ್ರ ಅಸಂಬದ್ಧ. ಆಮೇಲೆ ಹುಡುಕಲು ನೆರವಾಗುವುದು ಆ ಅಕ್ಷರಗಳೇ.

ಇನ್ನು ಕೀಪ್ ತೆರೆದು ಪ್ಲಸ್ ಗುರುತು ಒತ್ತಿ ‘ಆಡಿಯೋ’ ಆರಿಸಿ (ಹಳೆಯ ಆವೃತ್ತಿಯಲ್ಲಿ ಕೆಳಗಿನ ಸಾಲಿನಲ್ಲೇ ಮೈಕ್ ಇರುತ್ತದೆ). ಮೈಕ್ ಬಳಸಲು ಅನುಮತಿ ಕೇಳಿದರೆ ಕೊಡಿ. ಮಾತಿನ ನಡುವೆ ಸ್ವಲ್ಪ ತಡೆದರೂ ರೆಕಾರ್ಡಿಂಗ್ ನಿಂತುಬಿಡುತ್ತದೆ. ಬಹಳ ಮಂದಿ ಬೇಸತ್ತು ಕೈಬಿಡುವುದು ಇಲ್ಲೇ. ಅದಕ್ಕಾಗಿ ಅಳತೆಯನ್ನು ಮೊದಲೇ ನೋಡಿಟ್ಟುಕೊಂಡು ಒಂದೇ ಉಸಿರಿಗೆ ಹೇಳಿ: ‘ಫೋಟೋ ಒಂದು, ಅಡುಗೆಮನೆ, ಸಿಂಕ್ ಗೋಡೆ, ಬಿಸಿನೀರಿನ ಪೈಪು ನೆಲದಿಂದ ಎರಡಡಿ, ಕಿಟಕಿ ಅಂಚಿನಿಂದ ಒಂಬತ್ತಿಂಚು.’

ಈಗ ಫೋಟೋ. ಅದೇ ನೋಟ್‌ನ ಕೆಳಗೆ ಎಡಮೂಲೆಯ ಪ್ಲಸ್ ಒತ್ತಿದರೆ ‘ಟೇಕ್ ಫೋಟೋ’, ‘ಆ್ಯಡ್ ಇಮೇಜ್’ ಕಾಣುತ್ತವೆ. ಎರಡನೆಯದೇ ಮೇಲು. ಕೀಪ್‌ನಿಂದಲೇ ತೆಗೆದ ಫೋಟೋ ಗ್ಯಾಲರಿಗೆ ಸೇರದೇ ಇರಬಹುದು; ಫೋನಿನ ಕ್ಯಾಮೆರಾದಲ್ಲಿ ತೆಗೆದು ಇಲ್ಲಿಗೆ ತಂದರೆ ಎರಡು ಕಡೆ ಉಳಿಯುತ್ತದೆ. ಚಿತ್ರ 10 ಎಂಬಿ, 25 ಮೆಗಾಪಿಕ್ಸೆಲ್ ದಾಟಬಾರದು. 50 ಅಥವಾ 108 ಮೆಗಾಪಿಕ್ಸೆಲ್ ಮೋಡ್‌ನಲ್ಲಿ ತೆಗೆದದ್ದು ಸೇರದಿರುವುದು ಈ ಕಾರಣಕ್ಕೇ. ಸಾಮಾನ್ಯ 12 ಮೆಗಾಪಿಕ್ಸೆಲ್ ಧಾರಾಳವಾಯಿತು. ಗೋಡೆಗೆ ಅಳತೆ ಟೇಪು ಹಿಡಿದು ಅದೂ ಚಿತ್ರದಲ್ಲಿ ಬರುವಂತೆ ನೋಡಿಕೊಳ್ಳಿ.

ಎಷ್ಟೇ ಫೋಟೋ ಸೇರಿಸಿದರೂ ಎಲ್ಲವೂ ನೋಟ್‌ನ ನೆತ್ತಿಗೆ ಹೋಗಿ ಕೂರುತ್ತವೆ, ದನಿ ಕೆಳಗೆ. ಯಾವ ಮಾತಿಗೆ ಯಾವ ಚಿತ್ರ ಎಂದು ಆ್ಯಪ್ ನೆನಪಿಡುವುದಿಲ್ಲ. ಮೇಲೆ ‘ಫೋಟೋ ಒಂದು’ ಎಂದು ಹೇಳಿಸಿದ್ದು ಇದಕ್ಕಾಗಿ. ಚಿತ್ರ ಒತ್ತಿ ತೆರೆದು, ಪೆನ್ನಿನ ಗುರುತು ಮುಟ್ಟಿ, ಬೆರಳಿನಲ್ಲೇ ದಪ್ಪಗೆ 1 ಎಂದು ಬರೆಯಿರಿ. ಪೈಪಿನ ಮೇಲೊಂದು ಗೆರೆಯನ್ನೂ ಎಳೆಯಿರಿ. ಮುಂದಿನ ಜಾಗಕ್ಕೆ ಅದೇ ಪ್ಲಸ್‌ನೊಳಗಿನ ‘ರೆಕಾರ್ಡಿಂಗ್’ ಒತ್ತಿದರೆ ಎರಡನೇ ದನಿಯೂ ಅದೇ ನೋಟ್‌ಗೆ ಸೇರುತ್ತದೆ. ಆದರೂ ಕೋಣೆಗೊಂದು ನೋಟ್ ಮಾಡಿ, ಶೀರ್ಷಿಕೆಯಲ್ಲಿ ಕೋಣೆಯ ಹೆಸರು ಬರೆಯುವುದು ವಾಸಿ. ಇಡೀ ಮನೆಯನ್ನು ಒಂದರಲ್ಲೇ ತುಂಬಿದರೆ ಚಿತ್ರಗಳ ರಾಶಿಯಲ್ಲಿ ಮತ್ತೆ ಹುಡುಕಾಟವೇ.

ಪ್ಲಂಬರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದನಿಯನ್ನು ಇದಕ್ಕೆ ಸೇರಿಸಲಾಗದು. ಕೀಪ್ ತಾನೇ ರೆಕಾರ್ಡ್ ಮಾಡಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಉದ್ದದ ಮಾತುಕತೆಯನ್ನೇ ಹಿಡಿಯಬೇಕಿದ್ದರೆ ಮೈಕ್ರೋಸಾಫ್ಟ್‌ನ ಟಿಪ್ಪಣಿ ಆ್ಯಪ್ ಒನ್‌ನೋಟ್ ಬಳಸಿ, ನೀವಾಗಿ ನಿಲ್ಲಿಸುವ ತನಕ ಅದು ನಿಲ್ಲದು. ಕೈತಪ್ಪಿ ಅಳಿಸಿದ ನೋಟ್ ಕೀಪ್‌ನ ಟ್ರ್ಯಾಶ್‌ನಲ್ಲಿರುವುದು 7 ದಿನ ಮಾತ್ರ.